ಹವ್ಯಾಸವಾಗಿ ಚರ್ಮಗೆಲಸ: ಕಲಿಕೆಯ ಕ್ರಮವೂ ಶಾಲೆಯ ಹೊಣೆಯೂ

ಪೀಠಿಕೆ

ಮಣ್ಣು, ಮರ, ನೂಲು, ಕಾಗದ: ಕಾರ್ಯಾನುಭವದ ಅವಧಿಯಲ್ಲಿ ಮಕ್ಕಳ ಕೈಗೆ ಸಾಮಾನ್ಯವಾಗಿ ಬರುವ ವಸ್ತುಗಳು ಇವು. ಚರ್ಮ ಈ ಪಟ್ಟಿಯ ಹೊರಗೇ ಉಳಿದಿರುವುದು ಹೆಚ್ಚು. 1937ರ ವಾರ್ಧಾ ಶಿಕ್ಷಣ ಸಮ್ಮೇಳನದ ತರುವಾಯ ಡಾ. ಜಾಕಿರ್ ಹುಸೇನ್ ಸಮಿತಿಯು ಮೂಲಶಿಕ್ಷಣಕ್ಕಾಗಿ ಸೂಚಿಸಿದ ಕೈಕಸುಬುಗಳಲ್ಲಿ ನೂಲುವಿಕೆ, ನೇಯ್ಗೆ, ಮರಗೆಲಸ, ಬೇಸಾಯಗಳೊಡನೆ ಚರ್ಮಗೆಲಸದ ಹೆಸರೂ ಇತ್ತು. ಉಳಿದ ಕಸುಬುಗಳು ಶಾಲೆಯೊಳಗೆ ಒಂದಿಷ್ಟಾದರೂ ನೆಲೆ ಕಂಡವು; ಚರ್ಮಗೆಲಸ ಹೊಸ್ತಿಲಲ್ಲೇ ನಿಂತಿತು. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ನಾಡಿನಲ್ಲಿ ಈ ಕೆಲಸವನ್ನು ಶತಮಾನಗಳ ಕಾಲ ಹುಟ್ಟಿನೊಡನೆ ಕಟ್ಟಿಹಾಕಲಾಗಿತ್ತು. ಮಾಡುವವರಿಗೆ ಬಿಡುವ ಸ್ವಾತಂತ್ರ್ಯವಿರಲಿಲ್ಲ. ಉಳಿದವರಿಗೆ ಮುಟ್ಟುವ ಮನಸ್ಸಿರಲಿಲ್ಲ.

ಈ ಹಿನ್ನೆಲೆಯಲ್ಲಿ ‘ಹವ್ಯಾಸ’ ಎಂಬ ಮಾತಿಗೆ ವಿಶೇಷ ತೂಕವಿದೆ. ಹವ್ಯಾಸವೆಂದರೆ ತಾನಾಗಿ ಆರಿಸಿಕೊಂಡದ್ದು, ಬೇಡವೆನಿಸಿದಾಗ ಬಿಡಬಹುದಾದದ್ದು. ಯಾರೋ ಹೊರಿಸಿದ ಕೆಲಸವನ್ನು ಎಲ್ಲರೂ ಆರಿಸಿಕೊಳ್ಳಬಹುದಾದ ವಿದ್ಯೆಯನ್ನಾಗಿ ಮಾಡುವುದು ಶಾಲೆಯಿಂದ ಆಗಬಹುದಾದ ಕೆಲಸ. ಅದಕ್ಕೆ ಬೇಕಾದ ವಸ್ತುಜ್ಞಾನ, ಕೈಚಳಕದ ಕ್ರಮ, ತರಗತಿಯಲ್ಲಿ ಪಾಲಿಸಬೇಕಾದ ಎಚ್ಚರಗಳನ್ನು ಈ ಪಾಠವು ವಿವರಿಸುತ್ತದೆ.

ಹವ್ಯಾಸಿಯಾಗಿ ಕಲಿತು ಇತರರಿಗೂ ಕಲಿಸಿದವರ ಪ್ರಸಿದ್ಧ ನಿದರ್ಶನ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನದು. 1910ರಲ್ಲಿ ಅಲ್ಲಿ ನೆಲೆಗೊಂಡ ಗಾಂಧೀಜಿಯವರ ಸಂಗಡಿಗ ಹರ್ಮನ್ ಕಾಲೆನ್‌ಬಾಖ್ ವೃತ್ತಿಯಿಂದ ವಾಸ್ತುಶಿಲ್ಪಿ. ಅವರು ಮರಿಯಾನ್‌ಹಿಲ್‌ನ ಕ್ರೈಸ್ತ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು. ಗಾಂಧೀಜಿಯಿಂದ ಫಾರ್ಮಿನ ಇತರರು ಕಲಿತರು. ಗಾಂಧೀಜಿ ಸೆರೆಮನೆಯಲ್ಲಿ ತಯಾರಿಸಿದ ಒಂದು ಜೊತೆ ಜನರಲ್ ಸ್ಮಟ್ಸ್ ಅವರಿಗೆ ಕಾಣಿಕೆಯಾಗಿ ಸಂದಿತು. ತಮ್ಮನ್ನು ಸೆರೆಮನೆಗೆ ಕಳುಹಿಸಿದ ಸರಕಾರದ ಸಚಿವನಿಗೆ ಗಾಂಧೀಜಿ ಕೊಟ್ಟ ಆ ಚಪ್ಪಲಿಗಳನ್ನು ಸ್ಮಟ್ಸ್ ಹಲವು ಬೇಸಿಗೆಗಳಲ್ಲಿ ಮೆಟ್ಟಿದ್ದರು. 1939ರಲ್ಲಿ, ಗಾಂಧೀಜಿಯವರ ಎಪ್ಪತ್ತನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ, ಅವುಗಳಲ್ಲಿ ನಿಲ್ಲುವ ಯೋಗ್ಯತೆ ತಮಗಿಲ್ಲವೆಂಬ ಭಾವವನ್ನು ಅವರು ಬರಹದಲ್ಲಿ ದಾಖಲಿಸಿದರು. ನಡುವಯಸ್ಸಿನ ವಕೀಲರೂ ವಾಸ್ತುಶಿಲ್ಪಿಯೂ ಕಲಿಯಬಲ್ಲ ಕೆಲಸವನ್ನು ಶಿಕ್ಷಕರೂ ಕಲಿಯಬಲ್ಲರು.

1. ತೊಗಲು ಚಕ್ಕಳವಾಗುವ ಬಗೆ

ಕೆಲಸವನ್ನು ಆರಂಭಿಸುವ ಮುನ್ನ ವಸ್ತುವನ್ನು ಅರಿಯಬೇಕು. ಪ್ರಾಣಿಯ ಹಸಿ ತೊಗಲು ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳು ಹೆಣೆದುಕೊಂಡಿರುವ ಹಾಸು. ಅದನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ. ಒಣಗಿಸಿದರೆ ಹಲಗೆಯಂತೆ ಬಿರುಸಾಗುತ್ತದೆ. ಒಣಗಿದ್ದು ನೆನೆದರೆ ಮತ್ತೆ ಕೊಳೆಯತೊಡಗುತ್ತದೆ. ಮರದ ತೊಗಟೆ, ಕಾಯಿಗಳಲ್ಲಿರುವ ಟ್ಯಾನಿನ್ ಎಂಬ ಒಗರು ದ್ರವ್ಯವು ಈ ನಾರುಗಳಿಗೆ ಅಂಟಿಕೊಂಡಾಗ ತೊಗಲು ಕೊಳೆಯುವ ಗುಣವನ್ನು ಕಳೆದುಕೊಂಡು ಬಾಗುವ ಗುಣವನ್ನು ಉಳಿಸಿಕೊಳ್ಳುತ್ತದೆ. ಇದೇ ಹದ ಮಾಡುವಿಕೆ. ಹೀಗೆ ಹದಗೊಂಡ ತೊಗಲೇ ಚಕ್ಕಳ.

ಹಳ್ಳಿಯ ಹದಗಾರರ ಕ್ರಮದಲ್ಲಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲನ್ನು ಸಡಿಲಿಸುತ್ತಾರೆ. ಮಾಂಸದ ಪದರನ್ನು ಹೆರೆಯುತ್ತಾರೆ. ಚೆನ್ನಾಗಿ ತೊಳೆದು, ತೊಗಟೆಯ ಕಷಾಯದಲ್ಲಿ ನೆನೆಹಾಕುತ್ತಾರೆ. ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ತೊಗಟೆಯನ್ನೂ ಕಷಾಯವನ್ನೂ ತುಂಬಿ ತೂಗುಹಾಕಿ, ರಸವು ನಾರುಗಳ ಮೂಲಕ ಜಿನುಗುವಂತೆ ಮಾಡುವ ವಿಧಾನವೂ ಉಂಟು. ಕೊನೆಗೆ ಎಣ್ಣೆ ಸವರಿ ಮೆದುಗೊಳಿಸುತ್ತಾರೆ. ದಿನಗಳಲ್ಲ, ವಾರಗಳು ಹಿಡಿಯುವ ಕೆಲಸವಿದು. ಸುಣ್ಣದ ನೀರು ಚರ್ಮವನ್ನು ಸುಡುವುದರಿಂದಲೂ ಹೊರಬೀಳುವ ನೀರು ಮಲಿನವಾದುದರಿಂದಲೂ ಹದ ಮಾಡುವ ಕೆಲಸವನ್ನು ಶಾಲೆಯಲ್ಲಿ ಕೈಗೊಳ್ಳಬಾರದು. ಹವ್ಯಾಸಿಯ ಕೆಲಸ ಸಿದ್ಧ ಚಕ್ಕಳದಿಂದ ಆರಂಭವಾಗುತ್ತದೆ.

ಹದಕ್ಕೆ ಬಳಕೆಯಾಗುವ ಗಿಡಮರಗಳು ಮಕ್ಕಳಿಗೆ ಪರಿಚಿತವಾದವು: ತಂಗಡಿಯ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ. ಊರಾಚೆಯ ಬಯಲಿನಲ್ಲಿ ಹಳದಿ ಹೂ ಬಿಡುವ ತಂಗಡಿಯೇ ತೆಲಂಗಾಣದ ರಾಜ್ಯಪುಷ್ಪ. ಕೊಲ್ಹಾಪುರಿ ಚಪ್ಪಲಿಯ ಚಕ್ಕಳವು ಹದಗೊಳ್ಳುವುದು ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳಿಂದ. ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಮನ್ನಣೆಯು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರ, ಸೊಲ್ಲಾಪುರ ಜಿಲ್ಲೆಗಳಿಗೂ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಒಟ್ಟಾಗಿ ಸಂದಿದೆ. ಗಡಿಯ ಗೆರೆ ಈ ಕಸುಬನ್ನು ಎರಡಾಗಿ ಕತ್ತರಿಸಿಲ್ಲ ಎಂಬುದನ್ನು ಜತ್ತ, ಅಕ್ಕಲಕೋಟೆಗಳ ಮಕ್ಕಳು ತಮ್ಮ ಜಿಲ್ಲೆಯ ಹೆಸರಿನಿಂದಲೇ ತಿಳಿಯಬಹುದು.

ಹದಗೊಳ್ಳದ ತೊಗಲಿಗೂ ತನ್ನದೇ ಉಪಯೋಗಗಳಿವೆ. ಯಕ್ಷಗಾನದ ಚೆಂಡೆಯ ಮುಚ್ಚಿಗೆ ಬಿಗಿದು ನಾದ ಕೊಡುವುದು ಅದರ ಬಿರುಸಿನಿಂದಲೇ. ಮಡಕಶಿರಾ ಇರುವ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿಯೇ ಇರುವ ನಿಮ್ಮಲಕುಂಟೆಯ ಕಲಾವಿದರು ಆಡಿನ ತೊಗಲನ್ನು ಬೆಳಕು ತೂರುವಷ್ಟು ತೆಳುವಾಗಿ ಹೆರೆದು ಬಣ್ಣದ ಗೊಂಬೆಗಳನ್ನು ಮಾಡುತ್ತಾರೆ. ಅಲ್ಲಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಗೋವೆಯ ಘುಮಟಕ್ಕೆ ಹಿಂದೆ ಉಡದ ತೊಗಲನ್ನು ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಉಡಕ್ಕೆ ರಕ್ಷಣೆ ನೀಡಿರುವುದರಿಂದ ಈಗ ಆಡಿನ ತೊಗಲು ಬಳಕೆಯಲ್ಲಿದೆ. ವನ್ಯಪ್ರಾಣಿಯ ತೊಗಲು ಯಾವ ರೂಪದಲ್ಲಿಯೂ ಶಾಲೆಯೊಳಗೆ ಬರಕೂಡದೆಂಬುದನ್ನು ಈ ಸಂದರ್ಭದಲ್ಲಿ ಹೇಳಬೇಕು.

2. ಚಕ್ಕಳದ ಆಯ್ಕೆ

ಪೇಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಚಕ್ಕಳ ಸಿಗುತ್ತದೆ. ಕ್ರೋಮಿಯಂ ಲವಣಗಳಿಂದ ಹದಗೊಂಡದ್ದು ಮೃದು, ನೀರನ್ನು ತಾಳಬಲ್ಲದು. ಚೀಲ, ಬೂಟುಗಳಿಗೆ ಒಗ್ಗುತ್ತದೆ. ಆದರೆ ಒತ್ತಿದ ಅಚ್ಚನ್ನು ಹಿಡಿದುಕೊಳ್ಳುವುದಿಲ್ಲ. ತೊಗಟೆಯಿಂದ ಹದಗೊಂಡದ್ದು ಗಟ್ಟಿ. ನೀರು ಸವರಿದಾಗ ಮೆದುವಾಗಿ ಅಚ್ಚನ್ನು ಸ್ವೀಕರಿಸುತ್ತದೆ, ಒಣಗಿದಾಗ ಆ ಆಕಾರವನ್ನು ಕಾಯ್ದುಕೊಳ್ಳುತ್ತದೆ. ಕಲಿಯುವವರಿಗೆ ಎರಡನೆಯದೇ ಸೂಕ್ತ. ಬಣ್ಣ ಹಚ್ಚದ ತುಂಡಿನ ಮೇಲೆ ಒಂದು ಹನಿ ನೀರು ಹಾಕಿ ನೋಡಿದರೆ, ತೊಗಟೆಹದದ ಚಕ್ಕಳ ಅದನ್ನು ಹೀರಿಕೊಂಡು ಕಪ್ಪಾಗುವುದು ಕಾಣುತ್ತದೆ. ಅಡ್ಡವಾಗಿ ಕತ್ತರಿಸಿದ ಅಂಚಿನಲ್ಲಿ ನೀಲಿ-ಬೂದು ಛಾಯೆ ಕಂಡರೆ ಅದು ಕ್ರೋಮಿನದಾಗಿರುವ ಸಂಭವ ಹೆಚ್ಚು.

ಒಂದೇ ತೊಗಲಿನ ಎಲ್ಲ ಭಾಗಗಳೂ ಸಮನಲ್ಲ. ಬೆನ್ನಿನ ಭಾಗದಲ್ಲಿ ನಾರು ದಟ್ಟ. ಹೊಟ್ಟೆಯ ಭಾಗದಲ್ಲಿ ಸಡಿಲ, ಎಳೆದರೆ ಹಿಗ್ಗುತ್ತದೆ. ಆದ್ದರಿಂದ ನಡುಪಟ್ಟಿಯನ್ನು ಬೆನ್ನುಗೆರೆಗೆ ಸಮಾನಾಂತರವಾಗಿಯೇ ಕತ್ತರಿಸುತ್ತಾರೆ. ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆಯುವುದು ವಾಡಿಕೆ. ಹಣದ ಚೀಲಕ್ಕೆ 1ರಿಂದ 1.5 ಮಿ.ಮೀ., ನಡುಪಟ್ಟಿಗೆ 3ರಿಂದ 4 ಮಿ.ಮೀ. ಸಾಕು. ಚಪ್ಪಲಿ, ಚೀಲಗಳನ್ನು ಮಾಡುವವರಲ್ಲಿ ಉಳಿಯುವ ಚೂರುಗಳು ಅಭ್ಯಾಸಕ್ಕೆ ಧಾರಾಳವಾಗಿ ಸಾಲುತ್ತವೆ.

3. ಉಪಕರಣಗಳು

ಆರಂಭದಲ್ಲಿ ದೊಡ್ಡ ಪೆಟ್ಟಿಗೆಯ ಅಗತ್ಯವಿಲ್ಲ. ಕೆಳಗಿನವು ಸಾಕು:

• ಹರಿತವಾದ ಕತ್ತಿ ಅಥವಾ ರಂಪಿಗೆ, ಕತ್ತರಿಸಲು ಅಡಿಹಲಗೆ
• ಉಕ್ಕಿನ ಅಳತೆಪಟ್ಟಿ, ಮೂಲೆಮಟ್ಟ, ಕೈವಾರ
• ತೂತು ಹಾಕಲು ಆರಿ. ದುಂಡು ರಂಧ್ರಕ್ಕೆ ಉಳಿ
• ಮರದ ಕೊಡತಿ (ಕಬ್ಬಿಣದ ಸುತ್ತಿಗೆಯಿಂದ ಉಪಕರಣದ ತಲೆ ಕೆಡುತ್ತದೆ)
• ಮೊನೆ ಮೊಂಡಾದ ಎರಡು ಸೂಜಿಗಳು, ಜೇನುಮೇಣ ಉಜ್ಜಿದ ಗಟ್ಟಿ ದಾರ
• ಅಂಚು ತೀಡಲು ಮರಳುಕಾಗದ, ನುಣುಪಾದ ಮರದ ತುಂಡು, ದಪ್ಪ ಬಟ್ಟೆ

ಮೊಂಡು ಕತ್ತಿಯು ಹರಿತವಾದ ಕತ್ತಿಗಿಂತ ಅಪಾಯಕಾರಿ. ಮೊಂಡಾದುದನ್ನು ಬಲವಾಗಿ ಒತ್ತಬೇಕಾಗುತ್ತದೆ. ಒತ್ತಿದಾಗ ಅದು ಜಾರುತ್ತದೆ. ಆದ್ದರಿಂದ ಸಾಣೆ ಹಿಡಿಯುವುದು ಈ ವಿದ್ಯೆಯ ಮೊದಲ ಪಾಠ.

4. ಕಲಿಕೆಯ ಕ್ರಮ

ಮೊದಲ ಮೆಟ್ಟಿಲು: ಪುಸ್ತಕದ ಗುರುತುಪಟ್ಟಿ. 15 ಸೆ.ಮೀ. ಉದ್ದ, 3 ಸೆ.ಮೀ. ಅಗಲದ ಪಟ್ಟಿಯೊಂದನ್ನು ಮೊದಲು ಕಾಗದದಲ್ಲಿ ಬರೆದು, ಕತ್ತರಿಸಿ, ಅದರ ಅಳತೆಯನ್ನು ಚಕ್ಕಳಕ್ಕೆ ವರ್ಗಾಯಿಸಬೇಕು. ಕತ್ತಿಯನ್ನು ನೇರವಾಗಿ ಹಿಡಿದು, ಅಳತೆಪಟ್ಟಿಯ ಅಂಚಿಗೆ ತಗುಲಿಸಿ, ಒಂದೇ ಬಾರಿಗೆ ಬಲ ಹಾಕದೆ ಎರಡು ಮೂರು ಎಳೆತಗಳಲ್ಲಿ ಕತ್ತರಿಸಬೇಕು. ಬಳಿಕ ಒದ್ದೆ ಸ್ಪಂಜಿನಿಂದ ಮೇಲ್ಮೈಯನ್ನು ಸವರಿ, ಚಕ್ಕಳದ ಮೂಲಬಣ್ಣ ಮರಳತೊಡಗುವವರೆಗೆ ಕಾಯಬೇಕು. ಅಚ್ಚೊತ್ತಲು ಅದೇ ತಕ್ಕ ಸಮಯ. ತೀರ ಒದ್ದೆಯಾಗಿದ್ದರೆ ಅಚ್ಚು ಕಲಸಿಹೋಗುತ್ತದೆ. ಒಣಗಿದ್ದರೆ ಮೂಡುವುದೇ ಇಲ್ಲ. ಬಿದಿರಿನ ಅಥವಾ ಗಟ್ಟಿಮರದ ಕಡ್ಡಿಯ ತುದಿಯಲ್ಲಿ ಮಕ್ಕಳೇ ಕೆತ್ತಿದ ಚುಕ್ಕಿ, ಚಂದ್ರ, ಎಲೆಗಳು ಅಚ್ಚಿಗೆ ಸಾಕು.

ಕಬ್ಬಿಣದ ಮೊಳೆಯನ್ನು ಅಚ್ಚಾಗಿ ಬಳಸಿದರೆ ಒದ್ದೆ ಚಕ್ಕಳದ ಮೇಲೆ ಅಳಿಸಲಾಗದ ಕಪ್ಪು ಕಲೆ ಉಳಿಯುತ್ತದೆ. ಟ್ಯಾನಿನ್ ಮತ್ತು ಕಬ್ಬಿಣ ಸೇರಿದಾಗ ಕಪ್ಪು ಬಣ್ಣ ಹುಟ್ಟುವುದೇ ಇದಕ್ಕೆ ಕಾರಣ. ಅಳಲೆಕಾಯಿಯನ್ನು ಕುದಿಸಿ ಸೋಸಿದ ನೀರಿಗೆ ತುಕ್ಕು ಹಿಡಿದ ಮೊಳೆಯೊಂದನ್ನು ಹಾಕಿಟ್ಟು ಈ ಕ್ರಿಯೆಯನ್ನು ವಿಜ್ಞಾನದ ತರಗತಿಯಲ್ಲಿ ತೋರಿಸಬಹುದು. ಹಿಂದೆ ಬರೆಯುವ ಶಾಯಿ ತಯಾರಾಗುತ್ತಿದ್ದುದೂ ಇಂಥ ಕ್ರಿಯೆಯಿಂದಲೇ.

ಎರಡನೆಯ ಮೆಟ್ಟಿಲು: ಲೇಖನಿಯ ಒರೆ. 12 ಸೆ.ಮೀ. ಉದ್ದ, 8 ಸೆ.ಮೀ. ಅಗಲ, 1.5 ಮಿ.ಮೀ. ದಪ್ಪದ ತುಂಡನ್ನು ಉದ್ದಕ್ಕೆ ನಡುವೆ ಮಡಚಿದರೆ 4 ಸೆ.ಮೀ. ಅಗಲದ ಒರೆಯಾಗುತ್ತದೆ. ಮಡಿಕೆಯ ಗೆರೆಯನ್ನು ತುಸು ಒದ್ದೆ ಮಾಡಿಕೊಂಡರೆ ಚಕ್ಕಳ ಬಿರಿಯುವುದಿಲ್ಲ. ತೆರೆದ ಉದ್ದದ ಬದಿಯನ್ನೂ ತಳವನ್ನೂ ಹೊಲಿಯಬೇಕು. ಹೊಲಿಗೆಯ ಉದ್ದ ಸುಮಾರು 16 ಸೆ.ಮೀ. ಅಂಚಿನಿಂದ 3 ಮಿ.ಮೀ. ಒಳಗೆ ಕೈವಾರದಿಂದ ಗೆರೆ ಎಳೆದು, 4 ಮಿ.ಮೀ.ಗೊಂದರಂತೆ ಗುರುತು ಮಾಡಿದರೆ ಸುಮಾರು 40 ಹೊಲಿಗೆಗಳಾಗುತ್ತವೆ. ದಾರವು ಹೊಲಿಗೆಯ ಉದ್ದದ ನಾಲ್ಕು ಪಟ್ಟು ಇರಬೇಕು; ಹಿಡಿತಕ್ಕಾಗಿ ಒಂದು ಗೇಣು ಹೆಚ್ಚಿಗೆ ಇರಲಿ. ಈ ಲೆಕ್ಕಗಳನ್ನು ಮಕ್ಕಳಿಂದಲೇ ಮಾಡಿಸಿದರೆ ಗಣಿತದ ಪಾಠವೂ ಆಗುತ್ತದೆ.

ಮೂರನೆಯ ಮೆಟ್ಟಿಲು: ಎರಡು ಸೂಜಿಯ ಹೊಲಿಗೆ. ಚರ್ಮಗೆಲಸದ ಜೀವಾಳವೇ ಇದು. ಒಂದೇ ದಾರದ ಎರಡು ತುದಿಗಳಿಗೂ ಸೂಜಿ ಪೋಣಿಸಿ, ಮೊದಲ ರಂಧ್ರದಲ್ಲಿ ದಾರವನ್ನು ಅರ್ಧದವರೆಗೆ ಎಳೆದು ಎರಡೂ ಬದಿಯ ಉದ್ದವನ್ನು ಸಮ ಮಾಡಬೇಕು. ಎರಡನೆಯ ರಂಧ್ರಕ್ಕೆ ಮೊದಲು ಎಡಗೈಯ ಸೂಜಿ, ಅನಂತರ ಅದೇ ರಂಧ್ರಕ್ಕೆ ಎದುರಿನಿಂದ ಬಲಗೈಯ ಸೂಜಿ ಹೋಗಬೇಕು. ಮೊದಲು ಹೋದ ದಾರವನ್ನು ಎರಡನೆಯ ಸೂಜಿ ಚುಚ್ಚಬಾರದು. ಬಳಿಕ ಎರಡೂ ತುದಿಗಳನ್ನು ಒಂದೇ ಬಲದಿಂದ ಎಳೆಯಬೇಕು. ಯಾವ ಸೂಜಿ ಮೊದಲು ಎಂಬ ಕ್ರಮ ಕೊನೆಯವರೆಗೂ ಬದಲಾಗಬಾರದು. ಬದಲಾದಲ್ಲಿ ಹೊಲಿಗೆಯ ಓರೆ ಬದಲಾಗಿ ಕಣ್ಣಿಗೆ ಬೀಳುತ್ತದೆ. ಕೊನೆಯಲ್ಲಿ ಎರಡು ಮೂರು ರಂಧ್ರ ಹಿಂದಕ್ಕೆ ಹೊಲಿದು ದಾರವನ್ನು ಕತ್ತರಿಸಬೇಕು.

ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ಚಕ್ಕಳದ ನಡುವೆ ಕೊಂಡಿ ಹಾಕಿಕೊಂಡಿರುತ್ತವೆ. ಒಂದು ಕಡೆ ಕಡಿದರೆ ಪಕ್ಕದ ಹೊಲಿಗೆಗಳೂ ಸಡಿಲವಾಗುತ್ತವೆ. ಕೈಹೊಲಿಗೆಯಲ್ಲಿ ಪ್ರತಿ ರಂಧ್ರದ ಮೂಲಕ ದಾರ ಎರಡು ಸಲ ಪೂರ್ತಿಯಾಗಿ ಹಾಯುವುದರಿಂದ ಒಂದು ಎಳೆ ಸವೆದು ಕಡಿದರೂ ಇನ್ನೊಂದು ಹಿಡಿದು ನಿಲ್ಲುತ್ತದೆ.

ನಾಲ್ಕನೆಯ ಮೆಟ್ಟಿಲು: ಅಂಚಿನ ಕೆಲಸ. ಎರಡು ಪದರಗಳ ಅಂಚನ್ನು ಮರಳುಕಾಗದದಿಂದ ಸಮ ಮಾಡಿ, ತುಸು ನೀರು ಸವರಿ, ಮರದ ತುಂಡಿನಿಂದ ಬಿಸಿಯಾಗುವಷ್ಟು ಉಜ್ಜಿದರೆ ನಾರುಗಳು ಒತ್ತೊತ್ತಾಗಿ ಕೂಡಿ ಹೊಳಪು ಬರುತ್ತದೆ. ಮೇಲೆ ಜೇನುಮೇಣ ಸವರಬಹುದು. ಕೆಲಸಗಾರನ ತಾಳ್ಮೆಯನ್ನು ಅಳೆಯುವವರು ನೋಡುವುದು ಈ ಅಂಚನ್ನೇ.

ಶಿಕ್ಷಕರು ಪ್ರತಿಯೊಂದು ವಸ್ತುವನ್ನು ತಾವು ಕನಿಷ್ಠ ಮೂರು ಸಲ ಮಾಡಿದ ಮೇಲೆಯೇ ತರಗತಿಗೆ ತರುವುದು ಉಚಿತ. ಮೊದಲನೆಯದರಲ್ಲಿ ಕೈ ಎಡವುವುದು ಎಲ್ಲಿ ಎಂಬುದು ತಿಳಿಯುತ್ತದೆ. ಮೂರನೆಯದರಲ್ಲಿ ಅದನ್ನು ಮಕ್ಕಳಿಗೆ ಹೇಗೆ ಹೇಳಬೇಕೆಂಬುದು ತಿಳಿಯುತ್ತದೆ.

5. ಸುರಕ್ಷತೆ

ಕತ್ತಿ, ಆರಿಗಳ ಕೆಲಸವನ್ನು ಏಳನೆಯ ತರಗತಿಯ ಮೇಲಿನವರಿಗೆ ಮಾತ್ರ, ಅದೂ ಸಣ್ಣ ಗುಂಪಿನಲ್ಲಿ, ಕುಳಿತೇ ಮಾಡಿಸಬೇಕು. ಅಳತೆಪಟ್ಟಿ ಹಿಡಿದ ಕೈಬೆರಳುಗಳು ಕತ್ತಿಯ ದಾರಿಯಲ್ಲಿ ಇರಬಾರದು. ಆರಿಯಿಂದ ಚುಚ್ಚುವಾಗ ಚಕ್ಕಳದ ಹಿಂದೆ ಅಂಗೈ ಇಡದೆ ಬೆಂಡಿನ ತುಂಡನ್ನು ಇಡಬೇಕು. ರಬ್ಬರಿನ ಅಂಟನ್ನು ಬಳಸುವುದಾದರೆ ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರದಲ್ಲಿ, ಶಿಕ್ಷಕರೇ ಬಳಸಬೇಕು. ಉಳಿದ ಚೂರುಗಳನ್ನು, ವಿಶೇಷವಾಗಿ ಕ್ರೋಮ್ ಚಕ್ಕಳವನ್ನು, ಸುಡಕೂಡದು. ಅವಧಿಯ ಕೊನೆಯಲ್ಲಿ ಉಪಕರಣಗಳನ್ನು ಎಣಿಸಿ ಬೀಗದಲ್ಲಿಡಬೇಕು.

6. ಕಸುಬು, ಜಾತಿ, ತರಗತಿ

ಈ ಪಾಠದ ಅತ್ಯಂತ ಸೂಕ್ಷ್ಮ ಭಾಗವಿದು. ಸಮಗಾರ, ಡೋಹರ, ಮಾದಿಗ ಮುಂತಾದ ಸಮುದಾಯಗಳ ಕೈಯಲ್ಲಿ ಈ ವಿದ್ಯೆ ಬೆಳೆಯಿತು. ರೈತನ ಮಿಣಿ, ಕಪಿಲೆಯ ತೊಗಲ ಚೀಲ, ಕಮ್ಮಾರನ ತಿದಿ, ದೇವರ ಮುಂದಿನ ತಮಟೆ ಎಲ್ಲವೂ ಅವರು ಕೊಟ್ಟವು. ಊರು ವಸ್ತುವನ್ನು ಪಡೆಯಿತು, ಮಾಡಿದವರನ್ನು ದೂರವಿಟ್ಟಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದನ್ನು ಪ್ರಶ್ನಿಸಿದ ಶರಣರ ನಡುವೆ ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯ ಇದ್ದರು. ಬಸವಣ್ಣನವರು ಗೌರವದಿಂದ ನೆನೆದ ಮಾದಾರ ಚೆನ್ನಯ್ಯನ ಅಂಕಿತದಲ್ಲಿಯೇ ಕೈಯುಳಿ, ಕತ್ತಿ, ಅಡಿಗೂಂಟಗಳು ಸೇರಿಕೊಂಡಿವೆ. ಕಸುಬಿನ ಉಪಕರಣಗಳಿಗೆ ವಚನದೊಳಗೆ ಸ್ಥಾನ ಸಿಕ್ಕ ಭಾಷೆ ಕನ್ನಡ.

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದ ಮೇರೆಗೆ, ಅಸ್ಪೃಶ್ಯತೆಯ ಕಾರಣದಿಂದ ಯಾರನ್ನಾದರೂ ಸತ್ತ ಪ್ರಾಣಿಯನ್ನು ಸಾಗಿಸುವಂತೆ ಅಥವಾ ಅದರ ತೊಗಲು ಸುಲಿಯುವಂತೆ ಬಲಾತ್ಕರಿಸುವುದು ಶಿಕ್ಷಾರ್ಹ ಅಪರಾಧ. ಕಾಯಿದೆಯ ಈ ಅಂಶ ಶಿಕ್ಷಕರಿಗೆ ತಿಳಿದಿರಬೇಕು. ತರಗತಿಯಲ್ಲಿ ಕೆಳಗಿನ ನಡವಳಿಕೆಗಳನ್ನು ತಪ್ಪದೆ ಪಾಲಿಸಬೇಕು:

• ಈ ಚಟುವಟಿಕೆಗೆ ಯಾವ ಮಗುವನ್ನೂ ಮನೆತನದ ಕಸುಬು ನೋಡಿ ಆರಿಸಬಾರದು. “ನಿಮ್ಮ ಮನೆಯಲ್ಲಿ ಮಾಡುತ್ತಾರಲ್ಲವೇ, ನೀನು ತೋರಿಸು” ಎಂಬ ಮಾತು ಹೊಗಳಿಕೆಯಂತೆ ಕೇಳಿಸಿದರೂ ಮಗುವನ್ನು ಇಡೀ ತರಗತಿಯ ಎದುರು ಜಾತಿಯ ಗುರುತಿಗೆ ಒಡ್ಡುತ್ತದೆ. ತಾನಾಗಿ ಹೇಳಿಕೊಂಡರೆ ಅದನ್ನು ವಿದ್ಯೆಯೆಂದು ಗೌರವಿಸಬೇಕು.
• ನೆನೆಸುವುದು, ಗುಡಿಸುವುದು, ಚೂರು ಎತ್ತುವುದು ಹಾಜರಿಪಟ್ಟಿಯ ಕ್ರಮದಲ್ಲಿ ಎಲ್ಲರ ಪಾಲಿಗೂ ಬರಬೇಕು. ಶಿಕ್ಷಕರೂ ಅದರಲ್ಲಿ ಸೇರಬೇಕು.
• ಧರ್ಮ ಅಥವಾ ಆಹಾರದ ನಂಬಿಕೆಯಿಂದ ಚಕ್ಕಳವನ್ನು ಬಳಸದ ಮನೆಗಳ ಮಕ್ಕಳಿಗೆ ದಪ್ಪ ಕ್ಯಾನ್ವಾಸ್ ಬಟ್ಟೆಯಲ್ಲಿ ಅದೇ ಅಳತೆ, ಅದೇ ಹೊಲಿಗೆಯನ್ನು ಕಲಿಸಬೇಕು. ಆದರೆ ವಸ್ತುವನ್ನು ಒಲ್ಲದಿರುವುದು ಬೇರೆ, ಅದನ್ನು ಮುಟ್ಟಿದ ಸಹಪಾಠಿಯನ್ನು ಒಲ್ಲದಿರುವುದು ಬೇರೆ. ಎರಡನೆಯದಕ್ಕೆ ತರಗತಿಯಲ್ಲಿ ಎಡೆಯಿಲ್ಲ.
• ಊರಿನ ಕುಶಲಕರ್ಮಿಯನ್ನು ಅತಿಥಿ ಶಿಕ್ಷಕರಾಗಿ ಕರೆಯಬೇಕು. ಇತರ ಅತಿಥಿಗಳಿಗೆ ಸಲ್ಲುವ ಕುರ್ಚಿ, ನೀರು, ಬಹುವಚನ, ಗೌರವಧನ ಅವರಿಗೂ ಸಲ್ಲಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯವರಿಗೆ ಸೂಚಿಸಿರುವ ಹತ್ತು ಚೀಲರಹಿತ ದಿನಗಳಂತಹ ಅವಕಾಶಗಳು ಇದಕ್ಕೆ ಒದಗುತ್ತವೆ.
• ಮಕ್ಕಳು ಮಾಡಿದ ವಸ್ತುಗಳನ್ನು ಕುಶಲಕರ್ಮಿಗಳ ಬೆಲೆಗಿಂತ ಅಗ್ಗವಾಗಿ ಮಾರಬಾರದು. ಹವ್ಯಾಸವು ಯಾರ ಜೀವನೋಪಾಯಕ್ಕೂ ಪೈಪೋಟಿಯಾಗಕೂಡದು.

7. ಭಾಷಾ ಚಟುವಟಿಕೆ

ಗಡಿನಾಡಿನ ಶಾಲೆಗೆ ಈ ವಿಷಯ ಒಳ್ಳೆಯ ಪದಕೋಶವನ್ನು ಒದಗಿಸುತ್ತದೆ. ಕನ್ನಡದ ತೊಗಲು ಮಲಯಾಳದಲ್ಲಿ ತುಕಲ್, ತೆಲುಗಿನಲ್ಲಿ ತೋಲು, ತಮಿಳಿನಲ್ಲಿ ತೋಲ್. ತಂಗಡಿ ತೆಲುಗಿನಲ್ಲಿ ತಂಗೇಡು, ತಮಿಳಿನಲ್ಲಿ ಆವಾರಂ, ಮರಾಠಿಯಲ್ಲಿ ತರವಡ. ಅಳಲೆಕಾಯಿ ಮರಾಠಿಯಲ್ಲಿ ಹಿರಡಾ, ತಮಿಳಿನಲ್ಲಿ ಕಡುಕ್ಕಾಯ್, ತೆಲುಗಿನಲ್ಲಿ ಕರಕ್ಕಾಯ. ಮಕ್ಕಳು ಊರಿನ ಹಿರಿಯ ಕೆಲಸಗಾರರನ್ನು ಕಂಡು ಉಪಕರಣ, ಹೊಲಿಗೆ, ಭಾಗಗಳ ಹೆಸರುಗಳನ್ನು ಅವರು ಉಚ್ಚರಿಸಿದಂತೆಯೇ ಬರೆದುಕೊಂಡು ಬರಲಿ. ಕಾರ್ಖಾನೆಯ ಚಪ್ಪಲಿಯ ಮುಂದೆ ಕೆಲಸ ನಿಂತ ಮನೆಗಳಲ್ಲಿ ಆ ಪದಗಳು ಮುಂದಿನ ತಲೆಮಾರಿಗೆ ದಾಟುತ್ತಿಲ್ಲ. ಶಾಲೆಯ ಪುಸ್ತಕದಲ್ಲಿ ಅವು ಉಳಿದರೆ ಭಾಷೆಗೂ ಲಾಭ.

8. ಮೌಲ್ಯಮಾಪನ

ವಸ್ತುವಿನ ಅಂದವೊಂದನ್ನೇ ನೋಡಿ ಅಂಕ ಕೊಡುವುದು ಸರಿಯಲ್ಲ. ಅಳತೆಯ ನಿಖರತೆ, ಹೊಲಿಗೆಯ ಕ್ರಮ, ಅಂಚಿನ ತಾಳ್ಮೆ, ಉಪಕರಣಗಳ ಜೋಪಾನ, ಜೊತೆಗಾರರಿಗೆ ನೀಡಿದ ನೆರವು ಇವುಗಳನ್ನು ಗಮನಿಸಬೇಕು. ತಾನು ಮಾಡಿದ್ದರಲ್ಲಿ ಯಾವುದು ಸರಿಬಂದಿಲ್ಲ, ಏಕೆ ಎಂಬುದನ್ನು ಮಗು ಐದು ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆಯಬಲ್ಲದಾದರೆ ಕಲಿಕೆ ನಡೆದಿದೆಯೆಂದು ತಿಳಿಯಬಹುದು.

ಒಂದು ವರ್ಷದ ಅಭ್ಯಾಸದಿಂದ ಯಾವ ಮಗುವೂ ನುರಿತ ಕುಶಲಕರ್ಮಿಯಾಗುವುದಿಲ್ಲ. ಆಗಬೇಕೆಂಬ ನಿರೀಕ್ಷೆಯೂ ಇರಬಾರದು. ನಲವತ್ತು ಹೊಲಿಗೆಗಳನ್ನು ಒಂದೇ ಸಾಲಿನಲ್ಲಿ ಹಾಕಲು ಎಷ್ಟು ಹೊತ್ತು ಬೇಕೆಂಬುದನ್ನು ತನ್ನ ಬೆರಳುಗಳಿಂದ ತಿಳಿದ ಮಗು, ಮರದಡಿ ಕುಳಿತು ಚಪ್ಪಲಿ ಹೊಲಿಯುವವರ ಬಳಿ ಬೆಲೆ ಚೌಕಾಸಿ ಮಾಡುವ ಮೊದಲು ಅವರ ಕೈಯನ್ನು ನೋಡುತ್ತದೆ. ಅಂಥ ಮನೆಯಿಂದ ಬಂದ ಮಗು ತನ್ನ ತಂದೆಯ ಕೆಲಸದ ಹೆಸರನ್ನು ಹಾಜರಿಪುಸ್ತಕಕ್ಕೆ ತಗ್ಗಿದ ದನಿಯಲ್ಲಿ ಹೇಳದಿದ್ದರೆ, ಈ ಪಾಠದ ಉದ್ದೇಶ ಈಡೇರಿದಂತೆ.